ಹದಿನಾಲ್ಕು ತಿಂಗಳ ಮೀನು

ಬೆಳಿಗ್ಗೆ ಫೋನಿನಲ್ಲಿ ಹೆಂಡತಿ ಮೋಹಿನಿ ನಕ್ಕ ನಗು ಸುಕುಮಾರನ ಬೆನ್ನು ಬಿಟ್ಟಿರಲಿಲ್ಲ. ಕುವೈತಿನ ಫರ್ವಾನಿಯಾದ ಫ್ಲ್ಯಾಟಿನಿಂದ ಅವನ ಜೊತೆಗೇ ಕಾರು ಹತ್ತಿ, ಸಮುದ್ರದ ದಡದ ಈ ಹಳೆಯ ಮನೆಯ ಮುಂದೆ ಇಳಿದು, ಈಗ ನೆಲಮಾಳಿಗೆಯ ಹದಿನಾರು ಮೆಟ್ಟಿಲುಗಳನ್ನೂ ಒಂದೊಂದಾಗಿ ಇಳಿಯುತ್ತಿತ್ತು. ಮೇಲೆ ಜೂನ್ ತಿಂಗಳ ಶುಕ್ರವಾರದ ಮಧ್ಯಾಹ್ನ. ಕಾರಿನ ಬಾಗಿಲು ಮುಟ್ಟಿದರೆ ಕೈಗೆ ಬೊಕ್ಕೆ ಏಳುವಂಥ ಬಿಸಿಲು. ಕೆಳಗೆ ಮಾತ್ರ ಬಾವಿಯೊಳಗಿನ ತಂಪು. ಮುತ್ತಿನ ವ್ಯಾಪಾರಿಯೊಬ್ಬ ಬೇಸಗೆಯಲ್ಲಿ ಮಲಗಲೆಂದು ಕಟ್ಟಿಸಿದ ಕೋಣೆಯಂತೆ ಅದು, ಹವಳದ ಕಲ್ಲಿನ ಗೋಡೆ, ಉಪ್ಪು ಬಿಟ್ಟು ಬಿಟ್ಟು ಬೆಳ್ಳಗಾದ ಗಾರೆ. ಈಗ ಹೋಟೆಲು. ಸ್ವೀಡನ್ನಿನವರ ನಡುಬೇಸಗೆಯ ಹಬ್ಬಕ್ಕೆಂದು ಕಂಪೆನಿಯ ದೊಡ್ಡ ಸಾಹೇಬ ಎಕ್‌ಮನ್ ಇಡೀ ಹೋಟೆಲನ್ನೇ ಈ ಮಧ್ಯಾಹ್ನಕ್ಕೆ ಹಿಡಿದಿದ್ದ. ತನ್ನೂರಿನ ಅಡುಗೆಯವನನ್ನೂ ಕರೆಸಿಕೊಂಡಿದ್ದ. ಕಚೇರಿಯವರು, ಅರ್ದಿಯಾದ ಗೋದಾಮಿನವರು, ಹೆಂಡಂದಿರ ಸಮೇತ ಬರಬೇಕೆಂದು ಅಪ್ಪಣೆಯಾಗಿತ್ತು. ಮೆಟ್ಟಿಲ ಬುಡದಲ್ಲಿ ಮದುವೆ ಮನೆಯ ಯಜಮಾನನ ಹಾಗೆ, ಅದೇ ಕಂಪೆನಿಯಲ್ಲಿದ್ದ ಊರ ಕಡೆಯ ಹುಡುಗ ಫ್ರೆಡ್ರಿಕ್ ನಿಂತಿದ್ದ. "ಬನ್ನಿ ಸುಕುಮಾರಣ್ಣ, ಬನ್ನಿ ಅಕ್ಕ. ತಲೆ ಜಾಗ್ರತೆ, ಬಾಗಿಲು ತಗ್ಗು ಉಂಟು." ಮೋಹಿನಿ ತಲೆ ಬಗ್ಗಿಸಿ ಒಳಗೆ ಹೋದಳು. ಸುಕುಮಾರ ಅವರಿಬ್ಬರ ಕಣ್ಣನ್ನೇ ನೋಡುತ್ತಿದ್ದವನು ಚೌಕಟ್ಟಿಗೆ ಹಣೆ ಬಡಿಸಿಕೊಂಡ.

ಬೆಳಿಗ್ಗೆ ಅವನು ಸ್ನಾನ ಮುಗಿಸಿ ಹೊರಗೆ ಬಂದಾಗ ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗೋಡೆಯ ಕಡೆ ತಿರುಗಿ, "ಹೌದಾ? ದೇವರಾಣೆ ಹೇಳಿ!" ಎಂದು ನಕ್ಕಿದ್ದಳು. ಹೆಂಡತಿ ನಗುವುದು ಅಪರಾಧವೇನಲ್ಲ, ಅಷ್ಟು ಬುದ್ಧಿ ಅವನಿಗೂ ಇತ್ತು. ಆದರೆ ಆ ನಗು ಮದುವೆಯಾದ ಹೊಸತರಲ್ಲಿ ಕಾಪುವಿನ ಮನೆಯಲ್ಲಿ ಕೇಳಿದ್ದು, ಆಮೇಲೆ ಎಲ್ಲೋ ಕಳೆದುಹೋಗಿದ್ದದ್ದು. ಕಳೆದುಹೋದ ಒಡವೆ ಪಕ್ಕದ ಮನೆಯಲ್ಲಿ ಸಿಕ್ಕಿದರೆ ಸಂತೋಷ ಪಡಬೇಕೋ ಪೊಲೀಸರನ್ನು ಕರೆಯಬೇಕೋ? ಅವನ ನೆರಳು ಕಂಡದ್ದೇ ಅವಳು ಫೋನ್ ಇಟ್ಟಳು. ಯಾರು ಎಂದು ಕೇಳಿದ್ದಕ್ಕೆ, "ಫ್ರೆಡ್ರಿಕ್. ಮರ್ಸಿಯದ್ದು ವೀಸಾ ಆಯ್ತಂತೆ. ಜುಲೈ ಕೊನೆಗೆ ಬರ್ತಾಳಂತೆ," ಎಂದಳು. "ಅವನ ಹೆಂಡತಿ ಬರುದಕ್ಕೆ ನಿನಗೆ ಅಷ್ಟು ನಗುವಾ?" ಎಂದು ಅವನೆಂದಾಗ ಅವಳು ಏನೋ ಹೇಳಹೊರಟು, ತುಟಿ ಕಚ್ಚಿ, ಒಳಗೆ ಹೋಗಿ ನೀಲಿ ರೇಷ್ಮೆ ಸೀರೆ ತೆಗೆದಳು. ನೀಲಿ ರೇಷ್ಮೆ. ನಾಲ್ಕು ವರ್ಷದಿಂದ ನುಸಿಗುಳಿಗೆಯ ಜೊತೆ ಸಂಸಾರ ಮಾಡುತ್ತಿದ್ದ ಸೀರೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ತನಗೆ ತಾನೇ ಹೇಳಿಕೊಂಡು ಅವನು ಬೂಟಿನ ದಾರ ಕಟ್ಟಿದ. ಆದರೆ ಕಾಮಾಲೆಯವನ ಎದುರೂ ಒಮ್ಮೊಮ್ಮೆ ನಿಜವಾಗಿ ಹಳದಿಯೇ ಇರುವುದುಂಟಲ್ಲ, ಎಂದು ಎರಡನೆಯ ಬೂಟಿನ ದಾರ ಕಟ್ಟುವಾಗ ಅನಿಸಿತು.

"ಥೇಟ್ ಹೀಗೇ," ಎನ್ನುತ್ತಿದ್ದ ಫ್ರೆಡ್ರಿಕ್, ಉದ್ದನೆಯ ಮೇಜಿನ ಮೇಲೆ ಉರಿಯುತ್ತಿದ್ದ ಮೇಣದ ಬತ್ತಿಗಳನ್ನು ತೋರಿಸಿ. "ಸ್ಟಾಕ್‌ಹೋಮಿನ ಆ ಹೋಟೆಲು ಥೇಟ್ ಹೀಗೇ ಅಕ್ಕ. ಮುನ್ನೂರು ವರ್ಷದ ನೆಲಮಾಳಿಗೆ. ಕಮಾನು ಮಾತ್ರ ಇಟ್ಟಿಗೆಯದ್ದು. ಹಡಗಿನವರು ಬಂದು ಕೂತು ಮೀನು ತಿನ್ನುತ್ತಿದ್ದದ್ದಂತೆ." ಸುಕುಮಾರನಿಗೆ ಅದೆಲ್ಲ ಬಾಯಿಪಾಠ. ಕಂಪೆನಿ ವರ್ಷಕ್ಕೊಬ್ಬರನ್ನು ಸ್ಟಾಕ್‌ಹೋಮಿಗೆ ಕಳಿಸುವ ಮೂರು ತಿಂಗಳ ತರಬೇತಿಯನ್ನು ಕಳೆದ ವರ್ಷ ಮುಗಿಸಿ ಬಂದಂದಿನಿಂದ ಶುಕ್ರವಾರ ಶುಕ್ರವಾರ ಅವರ ಮನೆಯಲ್ಲಿ ಉಣ್ಣುತ್ತ ಫ್ರೆಡ್ರಿಕ್ ಆ ನೆಲಮಾಳಿಗೆಯನ್ನು ಬಡಿಸಿದ್ದ: ಇಷ್ಟು ಮೆಟ್ಟಿಲು, ಹೀಗೆ ತಿರುವು, ಬಲಗಡೆ ಪೀಪಾಯಿಗಳು, ಕಿಟಕಿಯಲ್ಲಿ ಬೀದಿಯಲ್ಲಿ ನಡೆಯುವವರ ಕಾಲು ಮಾತ್ರ ಕಾಣುವುದು. ಸುಕುಮಾರ ಹೂಂಗುಟ್ಟುತ್ತ ಮೀನಿನ ಮುಳ್ಳು ಬಿಡಿಸುತ್ತಿದ್ದ. ತಾನು ಕಾಣದ ಆ ಜಾಗ ಅವನಿಗೆ ತಾನು ಹುಟ್ಟಿದ ಮನೆಗಿಂತ ಚೆನ್ನಾಗಿ ಗೊತ್ತಾಗಿಹೋಗಿತ್ತು. ಕನಸಿನಲ್ಲಿ ಎರಡು ಸಲ ಅಲ್ಲಿ ಹೋಗಿ ಕೂತಿದ್ದ. ಎರಡು ಸಲವೂ ಫ್ರೆಡ್ರಿಕ್ ಬಡಿಸುವವನ ವೇಷದಲ್ಲಿ ಬಂದು, ನಿಮ್ಮ ಹೆಸರಿನಲ್ಲಿ ಮೇಜು ಇಲ್ಲ ಎಂದಿದ್ದ. ಇದೇ ಫ್ರೆಡ್ರಿಕ್‌ನನ್ನು ಶಿರ್ವದಿಂದ ಕರೆಸಿ, ಅವನ ಕಾಗದಪತ್ರ ಹಿಡಿದು ಎಕ್‌ಮನ್‌ನ ಕೋಣೆಯ ಹೊರಗೆ ಅರ್ಧ ದಿನ ನಿಂತದ್ದು ಯಾರು? ಇಲ್ಲಿ ನೆಲೆಸುವ ಪರವಾನಗಿ, ಇಕಾಮಾ, ಆಗುವವರೆಗೆ ತನ್ನ ಮನೆಯಲ್ಲಿ ಮಲಗಿಸಿಕೊಂಡದ್ದು ಯಾರು? ಗೋದಾಮಿನಲ್ಲಿ ಒಂಬತ್ತು ವರ್ಷ ಪಂಪುಗಳ ಬಿಡಿಭಾಗ ಎಣಿಸಿದವನು ಅರ್ದಿಯಾದ ಧೂಳಿನಲ್ಲೇ ಉಳಿದ. ನಾಲ್ಕು ವರ್ಷದ ಹಿಂದೆ ಬಂದವನು ಕೋಟು ಹಾಕಿಕೊಂಡು ವಿಮಾನ ಹತ್ತಿದ. ಫ್ರೆಡ್ರಿಕ್ ಕೆಟ್ಟವನಾಗಿದ್ದರೆ ಎಷ್ಟು ಸುಖವಿತ್ತು. ಬರುವಾಗ ಸುಕುಮಾರನಿಗೊಂದು ಸ್ವೆಟರು ತಂದಿದ್ದ. ಕುವೈತಿನಲ್ಲಿ ಸ್ವೆಟರು.

ಕಳೆದ ವರ್ಷ ತರಬೇತಿಗೆ ಫ್ರೆಡ್ರಿಕ್‌ನ ಹೆಸರು ಬಂದ ಸಂಜೆ ಸುಕುಮಾರ ಉಣ್ಣದೆ ಮಲಗಿದ್ದ. ಮೋಹಿನಿ ಅಡುಗೆಮನೆಯಲ್ಲಿ ಕಟೀಲು ಅಮ್ಮನ ಪಟದ ಮುಂದೆ ನಿಂತು, ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ, "ಇವರ ಹೆಸರು ಬರುವವರೆಗೆ ನಾನು ಮೀನು ಬಾಯಿಗೆ ಹಾಕುದಿಲ್ಲ ಅಮ್ಮಾ," ಎಂದಿದ್ದಳು. ಹುಚ್ಚಾ ನಿನಗೆ ಎಂದು ಗದರಿದ್ದ, ಒಳಗೊಳಗೇ ಹಿಗ್ಗಿದ್ದ. ಮಕ್ಕಳಾಗಲಿಲ್ಲವೆಂದು ಅವಳು ಹೊರದ ಹರಕೆಯಿಲ್ಲ. ಸೋಮವಾರ ಉಪವಾಸ ಮಾಡಿದ್ದಳು, ಬರಿಗಾಲಲ್ಲಿ ನಡೆದಿದ್ದಳು. ಆದರೆ ಮೀನು ಬಿಟ್ಟಿರಲಿಲ್ಲ. ಕಡಲ ಬದಿಯ ಹೆಣ್ಣಿಗೆ ಮೀನು ಬಿಡುವುದೆಂದರೆ ಏನೆಂದು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಹದಿನಾಲ್ಕು ತಿಂಗಳು. ಪ್ರತಿ ಶುಕ್ರವಾರ ಬಂಗುಡೆಗೆ ಮಸಾಲೆ ಹಚ್ಚಿ ಕಾಯಿಸುತ್ತಿದ್ದಳು, ಉಪ್ಪು ನೋಡಲೂ ನಾಲಗೆಗೆ ತಾಗಿಸದೆ, ಮೂಸಿಯೇ ಹದ ಹೇಳುತ್ತಿದ್ದಳು. ಅವರಿಬ್ಬರೂ ತಿನ್ನುವುದನ್ನು ನೋಡಿಕೊಂಡು ತಾನು ಮೊಸರನ್ನ ಕಲಸುತ್ತಿದ್ದಳು. ಅಕ್ಕ ಯಾಕೆ ತಿನ್ನುವುದಿಲ್ಲ ಎಂದು ಫ್ರೆಡ್ರಿಕ್ ಕೇಳಿದರೆ, ಹರಕೆ ಎಂದಷ್ಟೇ ಹೇಳುತ್ತಿದ್ದಳು. ಯಾವ ಹರಕೆಯೆಂದು ಗೊತ್ತಿದ್ದದ್ದು ಮೂವರಿಗೆ, ಅಮ್ಮನೂ ಸೇರಿ. ಗೋದಾಮಿನಲ್ಲಿ ಯಾರಾದರೂ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ ದಿನ ಸುಕುಮಾರ ಮನೆಗೆ ಬಂದು ಅವಳ ತಟ್ಟೆ ನೋಡುತ್ತಿದ್ದ. ಮೀನಿಲ್ಲದ ಆ ತಟ್ಟೆ ಅವನಿಗೆ ಇದ್ದ ಒಂದೇ ಮರ್ಯಾದೆ. ಈ ವರ್ಷದ ಹೆಸರು ಇವತ್ತು ಊಟದ ಕೊನೆಗೆ ಹೇಳುತ್ತಾರೆಂದು ಗೋದಾಮಿನಲ್ಲೆಲ್ಲ ಸುದ್ದಿಯಿತ್ತು.

ತಟ್ಟೆ ಹಿಡಿದುಕೊಂಡು ತಾವೇ ಬಡಿಸಿಕೊಳ್ಳುವ ಊಟ. ಸುಕುಮಾರ ಒಂದು ಕಡೆಯಿಂದ ಹೊರಟು, ಬಿಟ್ಟರೆ ಅಡುಗೆಯವನಿಗೆ ಬೇಸರವಾದೀತೆಂಬ ಹಾಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಕೊಂಡ: ವಿನೆಗರಿನಲ್ಲಿ ನೆನೆಸಿದ ಮೀನು, ಸಬ್ಬಸಿಗೆ ಸೊಪ್ಪು ಉದುರಿಸಿದ ಬೇಯಿಸಿದ ಬಟಾಟೆ, ಹಪ್ಪಳದಂಥ ಗಟ್ಟಿ ರೊಟ್ಟಿ, ಮಾಂಸದ ಉಂಡೆ, ಅದರ ಮೇಲೆ ಕಂದು ಸಾರು, ಬದಿಯಲ್ಲಿ ಕೆಂಪು ಹಣ್ಣಿನ ಜಾಮು. ಸಾರು ಹರಿದು ಮೀನಿನ ಅಡಿಗೆ ಹೋಯಿತು. ಎಕ್‌ಮನ್‌ನ ಹೆಂಡತಿ ಪಕ್ಕಕ್ಕೆ ಬಂದು, ಮಗುವಿಗೆ ಹೇಳುವಷ್ಟು ಮೆತ್ತಗೆ, ಮೊದಲು ಹೆರಿಂಗ್ ಮೀನು ಮಾತ್ರ, ಆಮೇಲೆ ಹೊಸ ತಟ್ಟೆ, ಬಿಸಿ ಪದಾರ್ಥ ಕೊನೆಗೆ, ಎಂದು ನಕ್ಕಳು. ಇದನ್ನೂ ಫ್ರೆಡ್ರಿಕ್ ಮೂವತ್ತು ಸಲ ಹೇಳಿದ್ದ. ಕಿವಿ ಕೇಳಿತ್ತು, ಹೊಟ್ಟೆಕಿಚ್ಚು ಒಳಗೆ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಮೇಜಿನ ಆ ತುದಿಯಿಂದ ಫ್ರೆಡ್ರಿಕ್‌ನ ದನಿ ಬಂತು: "ಸುಕುಮಾರಣ್ಣ, ಉಂಡೆ ಧೈರ್ಯವಾಗಿ ತಿನ್ನಿ. ದನದ್ದಲ್ಲ, ಕುರಿದು. ನಾನೇ ಅಡುಗೆಯವನಿಗೆ ಹೇಳಿದ್ದು." ತುಳುವಿನಲ್ಲಿ ಹೇಳಿದ್ದು ಉಳಿದವರಿಗೂ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲೂ ಹೇಳಿದ. ಮೂವತ್ತು ತಲೆಗಳು ಸುಕುಮಾರನ ತಟ್ಟೆಯ ಕಡೆ ತಿರುಗಿದವು. ಉಪಕಾರ ಮಾಡುವುದರಲ್ಲಿ ಫ್ರೆಡ್ರಿಕ್‌ನನ್ನು ಮೀರಿಸುವವರಿಲ್ಲ. ಬೆಂಕಿ ಆರಿಸಲು ಬಂದವನು ಮನೆಯೆಲ್ಲ ಒದ್ದೆ ಮಾಡಿ ಹೋಗುತ್ತಾನೆ. ಆ ಕಲಸುಮೇಲೋಗರವನ್ನು ಹಿಡಿದುಕೊಂಡು ಸುಕುಮಾರ ಕಂಬದ ಮರೆಗೆ ಸರಿದ. ಹಾಗೆ ಸರಿದದ್ದರಿಂದ ಮೇಜಿನ ಆಚೆ ತುದಿ ಅವನಿಗೆ ನೇರವಾಗಿ ಕಾಣಿಸಿತು.

ಮೋಹಿನಿ ಅಲ್ಲಿ ನಿಂತಿದ್ದಳು. ಫ್ರೆಡ್ರಿಕ್ ಅವಳ ತಟ್ಟೆಗೆ ಹೆರಿಂಗ್ ಮೀನಿನ ಮೂರು ತುಂಡು ಹಾಕಿದ. ಅವಳು ಬೇಡ ಎನ್ನುತ್ತಾಳೆಂದು ಸುಕುಮಾರ ಕಾದ. ಮೇಣದ ಬೆಳಕಿನಲ್ಲಿ ತುಂಡುಗಳು ಮಿರಮಿರ ಮಿಂಚಿದವು, ಊರಿನ ಬೂತಾಯಿ ಮೀನಿನದೇ ಬಣ್ಣ, ಅದೇ ಬೆಳ್ಳಿ ಸಿಪ್ಪೆ. ಅವಳು ಫೋರ್ಕು ಬದಿಗಿಟ್ಟಳು, ಎರಡು ಬೆರಳಿನಲ್ಲಿ ಒಂದು ತುಂಡು ಎತ್ತಿದಳು, ಕಣ್ಣು ಮುಚ್ಚಿದಳು, ಬಾಯಿಗೆ ಹಾಕಿಕೊಂಡಳು. ಅಗಿಯುವಾಗ ಅವಳ ಗಲ್ಲದಲ್ಲಿ ಸಣ್ಣದೊಂದು ಗುಳಿ ಬಿದ್ದು ಹೋಯಿತು. ಕಣ್ಣು ತೆರೆದಾಗ ಕಣ್ಣಲ್ಲಿ ನೀರಿತ್ತು, ನಗುತ್ತಿದ್ದಳು. ಫ್ರೆಡ್ರಿಕ್ ಬಾಗಿ ಏನೋ ಕೇಳಿದ; ಅವಳು ತಲೆಯಾಡಿಸಿ ಎರಡನೆಯ ತುಂಡು ತೆಗೆದುಕೊಂಡಳು. ಅವಳು ಫ್ರೆಡ್ರಿಕ್‌ನ ಕೈ ಹಿಡಿದು ನಿಂತಿದ್ದರೂ ಸುಕುಮಾರನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಕೈ ಹಿಡಿದದ್ದಕ್ಕೆ ಏನಾದರೂ ಕಾರಣ ಹುಡುಕಬಹುದು. ಇದಕ್ಕೆ ಯಾವ ಕಾರಣ? ಗಂಡನ ಹೆಸರಿಗೆ ಕಟ್ಟಿದ ಗಂಟನ್ನು ಹಸಿಮೀನಿನ ಒಂದು ತುಂಡಿಗೆ, ಅವನ ಎದುರು, ಬಿಚ್ಚಿದಳು. ತನ್ನ ಹೆಸರು ಇನ್ನು ಬರುವುದಿಲ್ಲವೆಂದು ಅವಳಿಗೂ ಖಾತ್ರಿಯಾಗಿರಬೇಕು. ಅಥವಾ ಬಂದರೂ ಬಾರದಿದ್ದರೂ ಒಂದೇ ಆಗಿರಬೇಕು. ಬೆಳಗಿನ ನಗು, ನೀಲಿ ಸೀರೆ, ಈ ಮೀನು. ಮೂರೂ ಒಂದು ದಾರದಲ್ಲಿ ಎಷ್ಟು ಸಲೀಸಾಗಿ ಸೇರಿಕೊಂಡವೆಂದರೆ ಅವನಿಗೆ ಒಂದು ಕ್ಷಣ ನೆಮ್ಮದಿಯಂಥದೇ ಆಯಿತು. ಅನುಮಾನ ನಿಜವಾದಾಗ ಮನುಷ್ಯನಿಗೆ ಸಿಗುವ ನೆಮ್ಮದಿ ಬಹಳ ಹಲ್ಕಾ ನೆಮ್ಮದಿ.

ಯಾರೋ ಹೆಗಲ ಮೇಲೆ ಕೈಯಿಟ್ಟರು. ಎಕ್‌ಮನ್. ಆರಡಿ ಮೇಲೆ ಮೂರಂಗುಲದ ಮನುಷ್ಯ, ಈ ತಗ್ಗು ನೆಲಮಾಳಿಗೆಯಲ್ಲಿ ಬಾಗಿಕೊಂಡೇ ಮಾತಾಡುತ್ತಿದ್ದ. ಕೈಯಲ್ಲಿ ಪುಟ್ಟ ಗಾಜಿನ ಲೋಟ, ಅದರಲ್ಲಿ ಸೇಬಿನ ರಸ. ಅವರೂರಿನ ಮದ್ಯವನ್ನು ಈ ದೇಶ ಒಳಗೆ ಬಿಡುವುದಿಲ್ಲ. ಕೊನೆಯಲ್ಲಿ ಹೇಳಬೇಕೆಂದಿದ್ದೆ ಸುಕುಮಾರ್, ಆದರೆ ಮೊದಲು ಒಂದು ಮಾತು ಕೇಳಬೇಕು ಅನಿಸಿತು, ಎಂದ. ಆಗಸ್ಟ್ ಒಂದಕ್ಕೆ ವಿಮಾನ, ಮೂರು ತಿಂಗಳು. ಕಾಗದಕ್ಕೆ ಸಹಿಯಾಗಿದೆ, ನಾಳೆ ಸ್ಟಾಕ್‌ಹೋಮಿಗೆ ಹೋಗುತ್ತದೆ. ನಿಮ್ಮ ಹೆಂಡತಿ ಇಲ್ಲಿ ಒಬ್ಬರೇ ಇರಬೇಕಾಗುತ್ತದೆ, ತೊಂದರೆಯಿಲ್ಲವಷ್ಟೆ? ಒಂಬತ್ತು ವರ್ಷದಿಂದ ಈ ಮಾತನ್ನು ಅವನು ಎಷ್ಟು ಬಗೆಯಲ್ಲಿ ಕೇಳಿಸಿಕೊಂಡಿದ್ದ. ಸ್ನಾನದ ಮನೆಯಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೂಡ ಕಲಿತಿಟ್ಟಿದ್ದ. ಈಗ ಅದು ಬಂದು ಎದುರು ನಿಂತಾಗ ಅವನಿಗೆ ಕೇಳಿಸಿದ್ದು ಕೊನೆಯ ಭಾಗ ಮಾತ್ರ. ಹೆಂಡತಿ ಒಬ್ಬರೇ. ಆಗಸ್ಟು, ಸೆಪ್ಟೆಂಬರು, ಅಕ್ಟೋಬರು. ಹನ್ನೆರಡು ಹದಿಮೂರು ಶುಕ್ರವಾರ, ಕಾಯಿಸಿದ ಬಂಗುಡೆ, ಇಬ್ಬರ ತಟ್ಟೆಯಲ್ಲೂ ಮೀನು. ತಾನು ಮಾತ್ರ ಸಾವಿರಾರು ಮೈಲಿ ದೂರ, ಇಟ್ಟಿಗೆ ಕಮಾನಿನ ಕೆಳಗೆ, ಬೀದಿಯವರ ಕಾಲು ನೋಡಿಕೊಂಡು ಕೂತಿರಬೇಕು. ಮರ್ಸಿ ಬರುತ್ತಾಳೆ ಎಂಬುದು ಆ ಹೊತ್ತಿಗೆ ಅವನ ತಲೆಯಲ್ಲಿ ಇರಲೇ ಇಲ್ಲ. "ಆಗುವುದಿಲ್ಲ ಸರ್," ಎಂದ. ದನಿ ತನ್ನದಲ್ಲದ ಹಾಗೆ ಕೇಳಿಸಿತು. "ಮನೆಯಲ್ಲಿ ತೊಂದರೆ ಉಂಟು. ಫ್ರೆಡ್ರಿಕ್‌ನನ್ನೇ ಕಳಿಸಿ. ಅವನಿಗೆ ಜಾಗ ಗೊತ್ತು." ಎಕ್‌ಮನ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಖಂಡಿತವಾಗಿಯೂ? ಎಂದ. ಖಂಡಿತ ಎಂದ ಸುಕುಮಾರ. ಫ್ರೆಡ್ರಿಕ್ ಇಲ್ಲಿಂದ ತೊಲಗಿದರೆ ಸಾಕು ಎಂಬುದೊಂದೇ ಆಗ ಅವನ ಮೈಯಲ್ಲೆಲ್ಲ ಇತ್ತು. ತೊಲಗುವವನು ಮತ್ತೆ ಅದೇ ಸ್ವರ್ಗಕ್ಕೆ ಹೋಗುತ್ತಾನೆಂಬುದು ಎಕ್‌ಮನ್ ಬೆನ್ನು ತಿರುಗಿಸಿದ ಮೇಲೆ ಹೊಳೆಯಿತು.

ಅವನು ಮೇಜಿಗೆ ಹೋಗಿ ಕೂತಾಗ ಮೋಹಿನಿ ಪಕ್ಕದಲ್ಲಿ ಬಂದು ಕೂತಳು. ಅವಳ ಉಸಿರಿನಲ್ಲಿ ವಿನೆಗರು, ಈರುಳ್ಳಿ, ಮೀನು. ಹದಿನಾಲ್ಕು ತಿಂಗಳ ಮೇಲೆ ಮೊದಲ ಸಲ ಅವಳಿಂದ ಮೀನಿನ ವಾಸನೆ ಬರುತ್ತಿತ್ತು. ತನ್ನ ತಟ್ಟೆಯ ಕೊನೆಯ ತುಂಡನ್ನು ಬೆರಳಿನಲ್ಲಿ ಎತ್ತಿ ಅವನ ತಟ್ಟೆಯ ಅಂಚಿನಲ್ಲಿ, ಸಾರು ತಾಗದ ಕಡೆ, ಇಟ್ಟಳು. "ತಿನ್ನಿ. ಸಿಹಿ ಸಿಹಿ ಉಂಟು, ಆದ್ರೂ ಪರ್ವಾಗಿಲ್ಲ. ಅಮ್ಮನ ಪ್ರಸಾದ ಅಂತ ತಿನ್ನಿ." ಅವನು ಅವಳ ಮುಖ ನೋಡಲಿಲ್ಲ. "ಹರಕೆ ಎಲ್ಲಿ ಹೋಯ್ತು?" ಎಂದ. "ಹರಕೆ ತೀರಿತಲ್ಲ!" ಎಂದಳು ಅವಳು, ತಡೆಯಲಾರದೆ, ಅವನ ತೋಳು ಹಿಡಿದುಕೊಂಡು, ಪಿಸುಮಾತಿನಲ್ಲಿ. "ಹೇಳ್ಬಾರ್ದು ಅಂತ ಫ್ರೆಡ್ರಿಕ್ ಆಣೆ ಹಾಕಿಸಿದ್ದು. ಸಾಹೇಬ್ರೇ ಹೇಳ್ಬೇಕಂತೆ, ನೀವು ಬೆರಗಾಗುದು ನೋಡ್ಬೇಕಂತೆ. ನಿಮ್ಮ ಹೆಸರು ಬಂದಿದೆ. ನಿನ್ನೆ ಸಾಯಂಕಾಲವೇ ಸಹಿ ಆಗಿದೆ. ಯಾರನ್ನು ಕಳಿಸುದು ಅಂತ ಸಾಹೇಬ್ರು ಕೇಳಿದ್ದಕ್ಕೆ ಫ್ರೆಡ್ರಿಕ್‌ನೇ ನಿಮ್ಮ ಹೆಸರು ಹೇಳಿದ್ದಂತೆ. ನನಗೂ ಸ್ವಾರ್ಥ ಉಂಟು ಅಕ್ಕ, ಮರ್ಸಿ ಬರುವಾಗ ನಾನು ಇಲ್ಲಿ ಇರ್ಬೇಕು ಅಂತ ನಗಾಡಿದ. ಬೆಳಿಗ್ಗೆ ನನಗೆ ಅಳುದಾ ನಗುದಾ ಗೊತ್ತಾಗ್ಲಿಲ್ಲ. ನೀವು ಬೇರೆ ಮುಖ ಊದಿಸಿಕೊಂಡು ನಿಂತದ್ದು!" ಸುಕುಮಾರ ಎದ್ದ. ಕುರ್ಚಿ ಹಿಂದಕ್ಕೆ ಬಿದ್ದಿತು. ಎಕ್‌ಮನ್ ಎಲ್ಲಿ? ಹತ್ತು ಹೆಜ್ಜೆ. ತಪ್ಪಾಯಿತು ಸರ್, ಹೋಗುತ್ತೇನೆ ಸರ್ ಎಂದರೆ ಮುಗಿಯಿತು. ಅವನು ಎರಡು ಹೆಜ್ಜೆ ಇಡುವಷ್ಟರಲ್ಲಿ ಎಕ್‌ಮನ್ ಚಮಚದಿಂದ ಲೋಟಕ್ಕೆ ಹೊಡೆದ. ಮಾತೆಲ್ಲ ನಿಂತಿತು. ಹವಳದ ಕಲ್ಲಿನ ಗೋಡೆಗಳ ನಡುವೆ ಆ ಟಿಣ್ ಎಂಬ ಸದ್ದು ಬಹಳ ಹೊತ್ತು ಇತ್ತು. ನಿಂತಿದ್ದವನು ಸುಕುಮಾರ ಒಬ್ಬನೇ, ಎಲ್ಲರೂ ನೋಡಿದರು, ಯಾರೋ ಕುರ್ಚಿ ಎತ್ತಿ ಕೊಟ್ಟರು, ಅವನು ಕೂತ. ಅಷ್ಟು ಜನರ ನಡುವೆ ಸಾಹೇಬನ ಮಾತಿಗೆ ಅಡ್ಡ ಬಾಯಿ ಹಾಕುವ ಧೈರ್ಯವನ್ನು ಅವನು ಒಂಬತ್ತು ವರ್ಷದಲ್ಲಿ ಎಂದೂ ಅಭ್ಯಾಸ ಮಾಡಿರಲಿಲ್ಲ.

ಎಕ್‌ಮನ್ ಉದ್ದಕ್ಕೆ ಮಾತಾಡಿದ. ವರ್ಷದಲ್ಲೇ ದೊಡ್ಡ ಹಗಲು, ಊರಿನ ನೆನಪು, ಈ ತಂಪು ನೆಲಮಾಳಿಗೆ. ಆಮೇಲೆ, ಈ ವರ್ಷ ಸ್ಟಾಕ್‌ಹೋಮಿಗೆ ಹೋಗುವವರು, ಎಂದ. ಮೋಹಿನಿ ಮೇಜಿನ ಕೆಳಗೆ ಅವನ ಕೈ ಹುಡುಕಿ ಹಿಡಿದುಕೊಂಡಳು. ಫ್ರೆಡ್ರಿಕ್, ಎಂದ ಎಕ್‌ಮನ್. ಅವಳ ಕೈ ಬಿಡಲಿಲ್ಲ, ಅವಳಿಗೆ ಅರ್ಥವಾಗಿರಲಿಲ್ಲ. ಫ್ರೆಡ್ರಿಕ್ ತಟ್ಟನೆ ಎದ್ದು, ಇಲ್ಲ ಸರ್, ತಪ್ಪಾಗಿದೆ, ಸುಕುಮಾರಣ್ಣನ ಹೆಸರು, ನಾನು ಜುಲೈ ಕೊನೆಗೆ ನನ್ನ ಹೆಂಡತಿ ಬರುವಾಗ, ಎಂದು ತೊದಲಿದ. ಎಕ್‌ಮನ್ ನಕ್ಕು ಕೈಯೆತ್ತಿದ. ತಪ್ಪಾಗಿಲ್ಲ. ಸುಕುಮಾರ್ ತಾನೇ ತನ್ನ ಜಾಗವನ್ನು ನಿನಗೆ ಬಿಟ್ಟುಕೊಟ್ಟ. ಇಂಥ ಗೆಳೆಯ ಎಲ್ಲರಿಗೂ ಸಿಗುವುದಿಲ್ಲ. ನಿನ್ನ ಹೆಂಡತಿ ಬಂದರೆ ಅವರ ಹತ್ತಿರ ಬಿಟ್ಟು ನಿಶ್ಚಿಂತೆಯಿಂದ ಹೋಗು. ಸುಕುಮಾರನಿಗಾಗಿ ಎಲ್ಲರೂ, ಎಂದು ಲೋಟ ಎತ್ತಿದ. ಚಪ್ಪಾಳೆ ಬಿತ್ತು. ಅವನ ಜೀವನದಲ್ಲಿ ಅವನಿಗೆಂದು ಬಿದ್ದ ಮೊದಲ ಚಪ್ಪಾಳೆ ಅದು. ಫ್ರೆಡ್ರಿಕ್ ಮಾತ್ರ ತಟ್ಟಲಿಲ್ಲ. ಏಟು ತಿಂದ ಹಾಗೆ ಮೇಜಿನ ಆಚೆಯಿಂದ ನೋಡಿದ. ಆಮೇಲೆ ಆ ಕಣ್ಣಲ್ಲಿ ನಿಧಾನವಾಗಿ ಗೌರವ ತುಂಬಿಕೊಳ್ಳುವುದು ಸುಕುಮಾರನಿಗೆ ಕಂಡಿತು. ಅದಕ್ಕಿಂತ ಅವನು ಉಗಿದಿದ್ದರೆ ಚೆನ್ನಾಗಿತ್ತು.

ಮೋಹಿನಿ ಕೈ ಬಿಟ್ಟಳು. "ನೀವೇ ಬೇಡ ಹೇಳಿದ್ದಾ?" ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಯಾಕೆ ಎಂದು ಕೇಳುತ್ತಾಳೆಂದು ಉತ್ತರ ಹುಡುಕತೊಡಗಿದ. ರಕ್ತದೊತ್ತಡ, ಗೋದಾಮಿನ ಕೆಲಸ, ನಿನ್ನನ್ನು ಬಿಟ್ಟು ಹೇಗೆ ಹೋಗುವುದು. ಅವಳು ಅದನ್ನು ಕೇಳಲಿಲ್ಲ. ತಟ್ಟೆ ನೋಡುತ್ತ, ಬಹಳ ಮೆಲ್ಲನೆ, "ಯಾವಾಗ ಹೇಳಿದ್ದು? ನಾನು ಮೀನು ತಿನ್ನುವ ಮೊದಲಾ, ತಿಂದ ಮೇಲಾ?" ಎಂದಳು.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ಅವನಿಗೆ ತಕ್ಷಣ ತಿಳಿಯಿತು. ಹದಿನೇಳು ವರ್ಷ ಸಂಸಾರ ಮಾಡಿದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು. ತಿಂದ ಮೇಲೆ ಎಂದರೆ, ಅವಳು ಬಾಯಿಗಿಡುವಾಗ ಅವನ ಹೆಸರು ಇತ್ತು. ಅಮ್ಮನ ಎದುರು ಅವಳು ನಿರಾಳ. ಮೊದಲು ಎಂದರೆ, ಹರಕೆ ತೀರದೆ ತಿಂದವಳು ಅವಳು. ಒಂದು ನಿಜ ಮಾತು ಹೇಳಿದರೆ ಅವಳು ಪಾರಾಗುತ್ತಿದ್ದಳು. ಆದರೆ ತಿಂದ ಮೇಲೆ ಎಂದ ಕೂಡಲೇ ಅವಳು ಮುಖವೆತ್ತಿ ಕಂಬವನ್ನು ನೋಡುತ್ತಾಳೆ, ಕಂಬದಿಂದ ತಾನು ನಿಂತಿದ್ದ ಜಾಗವನ್ನು, ಅಲ್ಲಿಂದ ಫ್ರೆಡ್ರಿಕ್‌ನನ್ನು. ಬೆಳಗಿನ ಫೋನು, ಸೀರೆ, ಮೀನು, ಅವನು ಪೋಣಿಸಿದ ಮಾಲೆಯೆಲ್ಲ ಅವಳ ಕೈಗೆ ಸಿಕ್ಕಿಬಿಡುತ್ತದೆ. ಆಮೇಲೆ ಆ ಕಣ್ಣಿನ ಎದುರು ಬದುಕಬೇಕು.

"ಮೊದಲು," ಎಂದ ಸುಕುಮಾರ. "ಇಳಿದು ಬಂದ ಕೂಡಲೇ ಹೇಳಿದ್ದೆ."

ಅವಳು ನೀಲಿ ಸೀರೆಯ ಸೆರಗಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಬಾಯಿ ಒರೆಸಿಕೊಂಡಳು, ಒಂದು ಸಲ, ಮತ್ತೊಂದು ಸಲ, ಬೆರಳುಗಳನ್ನೂ ಒಂದೊಂದಾಗಿ. "ಹಾಗಾದ್ರೆ ತಪ್ಪು ನನ್ನದೇ," ಎಂದಳು. "ನಿಮ್ಮ ಬಾಯಿಂದ ಕೇಳುವ ಮೊದಲು ನಾನು ತಿನ್ಬಾರ್ದಿತ್ತು. ನನ್ನ ನಾಲಗೆ ಚಪಲದಿಂದ ನಿಮಗೆ ಬಂದದ್ದು ಹೋಯ್ತು." ಅಳಲಿಲ್ಲ. ಮುಂದೆ ಏನೇನು ಬಿಡಬೇಕೆಂದು ಆಗಲೇ ಯೋಚಿಸುತ್ತಿರುವವಳ ಹಾಗೆ ಮೇಜಿನ ಮೇಲಿನ ಬಟ್ಟಲುಗಳನ್ನು ಒಂದೊಂದಾಗಿ ನೋಡಿದಳು. ಸುಕುಮಾರನಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಅದರ ಹಿಂದೆ ಬಂತು, ಆದರೆ ಮೊದಲು ಬಂದದ್ದು ಸಮಾಧಾನವೇ. ಎಕ್‌ಮನ್‌ನ ಹೆಂಡತಿ ದೂರದಿಂದಲೇ ಅವನ ತಟ್ಟೆಯ ಕಡೆ ಬೆರಳು ತೋರಿಸಿ, ತಿನ್ನಿ, ಮೊದಲು ಹೆರಿಂಗ್ ಎಂದು ಸನ್ನೆ ಮಾಡಿದಳು. ಅಂಚಿನಲ್ಲಿ ಮೋಹಿನಿ ಇಟ್ಟ ತುಂಡು ಹಾಗೇ ಇತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಅದನ್ನು ತಿಂದ.